ಹೇನನ್ನು ತಿನ್ನುವ ಪತಂಗದ ಹುಳು

ಪತಂಗವೆಂದೊಡನೆ ಕಾವ್ಯಾಭ್ಯಾಸಿಗೆ ನೆನಪಾಗುವುದು ದೀಪಕ್ಕೆ ಬಿದ್ದು ಸಾಯುವ ಜೀವಿ. ರೈತನಿಗಾದರೋ ಅದರ ಮರಿಯು ಪೈರನ್ನು ತಿನ್ನುವ ಹುಳು. ಪತಂಗಗಳ ಮರಿಹುಳುಗಳಲ್ಲಿ ಬಹುಭಾಗ ಸಸ್ಯಾಹಾರಿಗಳಾಗಿರುವುದರಿಂದ ರೈತನ ಭಾವನೆ ಸಹಜವಾದುದೇ. ಆದರೆ ಈ ನಿಯಮಕ್ಕೆ ಹೊರತಾದ ಪತಂಗವೊಂದು ಕಬ್ಬಿನ ಗದ್ದೆಯಲ್ಲಿಯೇ ಉಂಟು. ಅದರ ಶಾಸ್ತ್ರೀಯ ನಾಮ ಡೈಫಾ ಏಫಿಡಿವೋರ. ಈ ಹೆಸರಿನ ಉತ್ತರಪದಕ್ಕೆ ‘ಸಸ್ಯಹೇನುಗಳನ್ನು ತಿನ್ನುವುದು’ ಎಂದರ್ಥ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಕಬ್ಬಿನ ಸೀಮೆಯಾದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 2002ರಲ್ಲಿ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಕಬ್ಬಿಗೆ ಬಿಳಿ ಉಣ್ಣೆ ಹೇನಿನ ಪಿಡುಗು ತಲೆದೋರಿ, ಅನಂತರ ಈ ಸೀಮೆಗೂ ಹಬ್ಬಿತು. ಮೈಮೇಲೆ ಉಣ್ಣೆಯಂತಹ ಬಿಳಿ ಮೇಣವುಳ್ಳ ಈ ಹೇನುಗಳು ಗರಿಯ ಅಡಿಮೈಯಲ್ಲಿ ಗುಂಪುಗೂಡಿ ರಸವನ್ನು ಹೀರುತ್ತವೆ. ಗಂಡಿನ ಸಂಗವಿಲ್ಲದೆಯೇ ಹೆಣ್ಣುಗಳು ಮರಿ ಹಾಕುವುದರಿಂದ ಇವುಗಳ ಸಂಖ್ಯೆ ಅತಿಶೀಘ್ರವಾಗಿ ಹೆಚ್ಚುವುದು. ಇವು ಸುರಿಸುವ ಸಿಹಿಯಾದ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗರಿಗೆ ಬಿಸಿಲು ತಾಗದಂತಾಗುತ್ತದೆ.

ಡೈಫಾ ಪತಂಗವು ಈ ಗುಂಪಿನ ನಡುವೆಯೇ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಗರಿಯ ಅಡಿಯಲ್ಲಿ ನೂಲಿನ ಬಲೆಯನ್ನು ನೆಯ್ದು, ಅದರ ಮರೆಯಲ್ಲಿ ಸಂಚರಿಸುತ್ತ ಹೇನುಗಳನ್ನು ಭಕ್ಷಿಸುತ್ತದೆ. ಹೇನುಗಳ ಮೇಣವು ಬಲೆಗೆ ಅಂಟಿಕೊಳ್ಳುವುದರಿಂದ ಹುಳು ಸುಲಭವಾಗಿ ಕಣ್ಣಿಗೆ ಬೀಳದು. ಅದು ಕೋಶಾವಸ್ಥೆಯನ್ನು ಕಳೆಯುವುದೂ ಗರಿಯ ಮೇಲಿನ ನೂಲುಗೂಡಿನಲ್ಲಿಯೇ.

ಕಬ್ಬಿನ ಶತ್ರುವಾದ ಕಾಂಡಕೊರಕವೂ ಪತಂಗದ ಮರಿಯೇ. ಆದರೆ ಅದರ ವಾಸ ಕಾಂಡದ ಒಳಗೆ; ಡೈಫಾದ ವಾಸ ಗರಿಯ ಅಡಿಯ ಬಿಳಿಬಲೆಯಲ್ಲಿ. ಈ ಭೇದವನ್ನರಿಯದೆ ಹುಳುವೆಂದು ಕಂಡುದಕ್ಕೆಲ್ಲ ವಿಷವನ್ನು ಸಿಂಪಡಿಸಿದರೆ ಹೇನಿನೊಡನೆ ಅದರ ವೈರಿಯೂ ಸಾಯುವುದು. ಅಳಿದುಳಿದ ಹೇನುಗಳು ಮತ್ತೆ ನಿರ್ಭಯವಾಗಿ ಹೆಚ್ಚುವುವು. ಆದಕಾರಣ ತಜ್ಞರು ವಿಷಪ್ರಯೋಗವನ್ನು ಮಿತಗೊಳಿಸಿ, ಹುಳು ಅಥವಾ ಕೋಶವಿರುವ ಗರಿಯ ತುಂಡುಗಳನ್ನು ಪಿಡುಗು ಬಿದ್ದ ಪೈರಿಗೆ ಲಗತ್ತಿಸಿ ಹೆಕ್ಟೇರಿಗೆ ಸುಮಾರು 1000 ಹುಳುಗಳನ್ನು ಬಿಡುವಂತೆ ಸಲಹೆಯಿತ್ತರು.

ನಮ್ಮ ನುಡಿಯಲ್ಲಿ ಕಾಂಡಕೊರಕವೂ ಹುಳು, ಡೈಫಾದ ಮರಿಯೂ ಹುಳು. ಪೈರಿಗೆ ‘ಹುಳು ಬಿದ್ದಿದೆ’ ಎಂಬ ಮಾತು ಕೇಡನ್ನು ಮಾತ್ರ ಸೂಚಿಸುತ್ತದೆ. ಹೆಸರಿಲ್ಲದ ಮಿತ್ರನು ಶತ್ರುವಿನ ಲೆಕ್ಕಕ್ಕೆ ಸೇರುವುದು ಸುಲಭ. ಇದಕ್ಕೆ ‘ಹೇನುಬಾಕ’ನೆಂದೋ ಬೇರೆ ಯಾವುದೋ ಸುಲಭವಾದ ಹೆಸರು ರೈತನ ಬಾಯಲ್ಲಿ ನೆಲೆಗೊಂಡರೆ, ಅದು ಶಬ್ದಸಂಪತ್ತಿಗೆ ಮಾತ್ರವಲ್ಲ, ಪೈರಿಗೂ ಲಾಭವೇ ಸರಿ.