ಬೋರ್ಡು ತಮಿಳು, ಅಜ್ಜಿ ಮಾತು ಕನ್ನಡ

ಪೆರಿಯನಾಯಕನಪಾಳ್ಯಂ: ಬಿ.ಕಾಂ ಮುಗಿಸಿ ಊರಲ್ಲಿ ಲೆಕ್ಕ ಬರೆಯುತ್ತಿದ್ದವನು ಕೆಲಸ ಬದಲಿಸಿ ಕೊಯಮತ್ತೂರು ಪಕ್ಕದ ಈ ಊರಿಗೆ ಬಂದೆ. ಮರಾಠಿ, ಕನ್ನಡ ಎರಡೂ ಬರುತ್ತೆ ಎಂಬ ಜಂಬ ಬಸ್ ಸ್ಟಾಪಲ್ಲೇ ಇಳೀತು. ಬೋರ್ಡೆಲ್ಲ ತಮಿಳು. ಗಾಂಧಿಪುರಂಗೆ ಹೋಗಬೇಕಾದವನು ಮೇಟ್ಟುಪಾಳ್ಯಂ ಬಸ್ ಹತ್ತಿದ್ದೆ!

ನನ್ನ ಪೇಚಾಟ ನೋಡಿ ಪಕ್ಕದ ಅಜ್ಜಿ, ‘ಯಾವೂರಪ್ಪಾ?’ ಅಂದರು. ಅಚ್ಚರಿಯಾಯ್ತು. ತಲೆಮಾರುಗಳ ಹಿಂದೆ ಇಲ್ಲಿ ನೆಲೆಸಿದ ದೇವಾಂಗ ನೇಕಾರರ ಮನೆಯವರು. ಮನೆಮಾತು ಇಂದಿಗೂ ಕನ್ನಡವೇ, ನಡುನಡುವೆ ತಮಿಳು.

ಕೆಲಸ ಬದಲಿಸಿದ್ದು ನಾನೊಬ್ಬನೇ ಅಲ್ಲ. ನೂಲುವ ಯಂತ್ರ ತಯಾರಿಸಲು 1962ರಲ್ಲಿ ಶುರುವಾದ ಲಕ್ಷ್ಮಿ ಮೆಷಿನ್ ವರ್ಕ್ಸ್ ಇರುವ ಊರಿದು. ಅಜ್ಜಿಯ ಮನೆಯಲ್ಲೂ ಮಗ್ಗ ನಿಂತಿದೆ, ಮಗ ಲೇತ್ ಕೆಲಸಕ್ಕೆ ಹೋಗುತ್ತಾನೆ. ‘ಮೊಮ್ಮಗ ಕನ್ನಡ ಆಡ್ತಾನೆ, ಓದಕ್ಕೆ ಬರಲ್ಲ. ನಂಗೂ ಬರಲ್ಲ’ ಎಂದಾಗ ಅಜ್ಜಿಯ ದನಿ ಸಣ್ಣಗಾಯಿತು.

ಈಗ ಭಾನುವಾರ ನಮ್ಮದೊಂದು ಒಪ್ಪಂದ. ಹುಡುಗನಿಗೆ ನಾನು ಕನ್ನಡ ಅಕ್ಷರ, ನನಗೆ ಅವನು ತಮಿಳು ಅಕ್ಷರ. ಅವನು ಆಗಲೇ ತನ್ನ ಹೆಸರು ಬರೆಯುತ್ತಾನೆ. ನಾನು? ಮೊನ್ನೆ ಬೋರ್ಡನ್ನು ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಬಸ್ಸೇ ಹೊರಟುಹೋಯಿತು ನೋಡಿ!