ನಲವತ್ತರ ನಂತರದ ಮೊದಲ ಸೈಕಲ್: ಅಂದಕ್ಕಿಂತ ಅಳತೆ ಮುಖ್ಯ

ನಲವತ್ತೈದು ದಾಟಿದವರಲ್ಲಿ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಕಾಣಿಸಿಕೊಂಡಾಗ ಮಾತ್ರೆಯ ಜೊತೆಗೆ ವೈದ್ಯರು ಹೇಳುವ ಮಾತು, 'ವ್ಯಾಯಾಮ ಮಾಡಿ'. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ಮೊಣಕಾಲು ನೋವಿನಿಂದ ಹೆಚ್ಚು ದೂರ ನಡೆಯಲಾಗದವರಿಗೆ ಸೈಕಲ್ ಸವಾರಿ ಒಳ್ಳೆಯ ದಾರಿ. ದೇಹದ ಭಾರವನ್ನು ಬಹುಪಾಲು ಸೀಟೇ ಹೊರುವುದರಿಂದ ಮಂಡಿಯ ಮೇಲೆ ಒತ್ತಡ ಕಡಿಮೆ.

ಆದರೆ ಹುಮ್ಮಸ್ಸಿನಿಂದ ತಂದ ದುಬಾರಿ ಸೈಕಲ್ ಎಷ್ಟೋ ಮನೆಗಳಲ್ಲಿ ಎರಡೇ ತಿಂಗಳಿಗೆ ಮೂಲೆ ಸೇರುತ್ತದೆ. ಇದಕ್ಕೆಲ್ಲ ಸೋಮಾರಿತನವೇ ಕಾರಣವಲ್ಲ. ಸೈಕಲ್ ಸವಾರನ ಮೈಗೆ ಹೊಂದದಿದ್ದರೆ ಬೆನ್ನು, ಕುತ್ತಿಗೆ, ಮಂಡಿ ನೋಯುತ್ತವೆ, ಆಸೆ ಕಮರುತ್ತದೆ.

ರೋಡ್ ಬೈಕೋ, ಹೈಬ್ರಿಡ್ಡೋ?

ವಿಜಯಪುರ, ಬಾಗಲಕೋಟೆಯ ಯುವ ಸ್ಪರ್ಧಿಗಳು ಓಡಿಸುವ, ಬಾಗಿದ ಹ್ಯಾಂಡಲ್ ಮತ್ತು ತೆಳು ಟಾಯರ್‌ನ ಸೈಕಲ್ಲನ್ನು ಅಂಗಡಿಯವರು 'ರೋಡ್ ಬೈಕ್' ಎನ್ನುತ್ತಾರೆ. ಅದು ಹಗುರ, ವೇಗವೂ ಹೆಚ್ಚು. ಆದರೆ ಸವಾರ ಮುಂದಕ್ಕೆ ಬಾಗಿ ಕೂರಬೇಕು. ವರ್ಷಗಟ್ಟಲೆ ಗಲ್ಲೆಯಲ್ಲಿ ಅಥವಾ ಕಚೇರಿಯಲ್ಲಿ ಕುಳಿತ ಬೆನ್ನಿಗೆ ಇದು ಕಷ್ಟ. ಅಂಥವರು ನೇರ ಹ್ಯಾಂಡಲ್ಲಿನ 'ಹೈಬ್ರಿಡ್' ಸೈಕಲ್‌ನಿಂದ ಆರಂಭಿಸುವುದು ಒಳಿತು. ರೋಡ್ ಬೈಕೇ ಬೇಕೆನ್ನುವವರು ಹ್ಯಾಂಡಲ್ ಸ್ವಲ್ಪ ಎತ್ತರವಿರುವ 'ಎಂಡ್ಯೂರೆನ್ಸ್' ಮಾದರಿಯನ್ನು ಕೇಳಬೇಕು.

ನಮ್ಮ ಅವಳಿ ನಗರದ ರಸ್ತೆಗೆ ಟಾಯರ್ 32ರಿಂದ 38 ಮಿ.ಮೀ. ಅಗಲವಿರಲಿ. 23 ಅಥವಾ 25 ಮಿ.ಮೀ. ಟಾಯರ್‌ಗೆ ಗಾಳಿ ಬಿಗಿಯಾಗಿ ತುಂಬಬೇಕಾಗುತ್ತದೆ. ತಗ್ಗು, ಹಂಪ್‌ಗಳ ಪೆಟ್ಟು ನೇರವಾಗಿ ಅಂಗೈ, ಸೊಂಟಕ್ಕೆ ಬೀಳುತ್ತದೆ. ಹುಬ್ಬಳ್ಳಿಗಿಂತ ಧಾರವಾಡ ಎತ್ತರದಲ್ಲಿದೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿಯೂ ಎದುರಾಗುತ್ತದೆ. ಆದ್ದರಿಂದ ಏರಿನಲ್ಲಿ ಹಗುರವಾಗಿ ತುಳಿಯಬಲ್ಲ ಸಣ್ಣ ಗೇರ್ ಇರಲೇಬೇಕು. ಗಟ್ಟಿ ಗೇರಿನಲ್ಲಿ ಒತ್ತಿ ತುಳಿದರೆ ಮೊದಲು ದಣಿಯುವುದು ಮಂಡಿ.

ಅಂಗಡಿಯಲ್ಲಿಯೇ ಅಳತೆ ನೋಡಿ

ಸೈಕಲ್ಲಿನ ಮೇಲಿನ ಅಡ್ಡ ಕೊಳವೆಯ ಎರಡೂ ಬದಿಗೆ ಕಾಲಿಟ್ಟು, ಪಾದ ನೆಲಕ್ಕೆ ಊರಿ ನಿಲ್ಲಿ. ಕೊಳವೆಗೂ ತೊಡೆಸಂದಿಗೂ ಎರಡು ಮೂರು ಬೆರಳಿನಷ್ಟಾದರೂ ಅಂತರವಿರಬೇಕು. ನಂತರ ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಕೆಳಗಿದ್ದಾಗ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ. ಸೀಟು ತೀರಾ ತಗ್ಗಾದರೆ ಮಂಡಿಯ ಮುಂಭಾಗ, ತೀರಾ ಎತ್ತರವಾದರೆ ಮಂಡಿಯ ಹಿಂಭಾಗ ನೋಯುತ್ತದೆ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಲಿ. ಬೆರಳು ಜುಮುಗುಟ್ಟಿದರೆ ಅಂಗೈ ಮೇಲೆ ಹೆಚ್ಚು ಭಾರ ಬೀಳುತ್ತಿದೆ ಎಂದರ್ಥ. ಹತ್ತು ನಿಮಿಷ ಓಡಿಸಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಹೆಣ್ಣುಮಕ್ಕಳಿಗೆ ಅಡ್ಡ ಕೊಳವೆ ತಗ್ಗಾಗಿರುವ, ಚೈನು ಪೂರ್ತಿ ಮುಚ್ಚಿದ ಸೈಕಲ್ ಅನುಕೂಲ. ಸಡಿಲ ಉಡುಪು, ದುಪಟ್ಟಾ ಚೈನಿಗೂ ಚಕ್ರಕ್ಕೂ ಸಿಗದಂತೆ ಕಟ್ಟಿಕೊಳ್ಳಬೇಕು.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಇದ್ದ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯದೆ ಹೆಲ್ಮೆಟ್, ಹಿಂದಿನ ಕೆಂಪು ದೀಪ, ಪಂಪ್ ಮತ್ತು ಬೀಗಕ್ಕೆ ಒಂದಿಷ್ಟು ತೆಗೆದಿಡಿ.

ಸವಾರಿಗೆ ಮುನ್ನ

ರಕ್ತದೊತ್ತಡ, ಸಕ್ಕರೆ ಅಥವಾ ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇಟ್ಟುಕೊಳ್ಳಲಿ. ಕೈ ನಡುಗಿ, ಬೆವರಿ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ ತಿನ್ನಬೇಕು. ಇಂಥವರಿಗೆ ಉಪವಾಸದ ದಿನಗಳಲ್ಲಿ ಇಫ್ತಾರ್‌ಗೆ ಮುಂಚಿನ ಸವಾರಿ ಬೇಡ. ಎದೆ ನೋವು, ಅಸಹಜ ಏದುಸಿರು ಕಂಡರೆ ಯಾರೇ ಆಗಲಿ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಮನೆಗೆ ಬಂದ ಮೇಲೆ ಪಾದಗಳಲ್ಲಿ ಗಾಯ, ಗುಳ್ಳೆ ಆಗಿದೆಯೇ ಎಂದು ನೋಡಿಕೊಳ್ಳಬೇಕು.

ಎಲ್ಲಿ ಓಡಿಸಬೇಕು?

ಫಜ್ರ್ ನಮಾಝ್ ಮುಗಿಸಿ, ಬೆಳಕು ಹರಿದ ಮೇಲೆ ಹೊರಟರೆ ವಾಹನ ಸಂಚಾರ ಕಡಿಮೆ. ಧಾರವಾಡದವರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಕಡೆಯ, ಹುಬ್ಬಳ್ಳಿಯವರಿಗೆ ತಮ್ಮ ಬಡಾವಣೆಯ ಒಳರಸ್ತೆಗಳೇ ಸಾಕು. ಚಿಗರಿ ಬಸ್ಸುಗಳ ಮಾರ್ಗಕ್ಕೆ ಇಳಿಯಲೇಬಾರದು. ಬೈಪಾಸ್ ಕಡೆಗೂ ಹೋಗಬೇಡಿ. 2021ರ ಜನವರಿ 15ರಂದು ಇಟ್ಟಿಗಟ್ಟಿ ಬಳಿ ಟೆಂಪೊಗೆ ಟಿಪ್ಪರ್ ಡಿಕ್ಕಿಯಾಗಿ ದಾವಣಗೆರೆಯ ಹಲವು ಜೀವಗಳು ಹೋದ ರಸ್ತೆಯದು.

ಮೊದಲ ಎರಡು ವಾರ ದಿನಕ್ಕೆ 15 ನಿಮಿಷ, ವಾರಕ್ಕೆ ನಾಲ್ಕು ದಿನ ಸಾಕು. ಮಾತಾಡುತ್ತಾ ತುಳಿಯಲು ಆಗುವಷ್ಟೇ ವೇಗವಿರಲಿ. ಆಮೇಲೆ ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತಾ ಅರ್ಧ ಗಂಟೆಗೆ ಬನ್ನಿ. ವಾರಕ್ಕೆ ಐದು ದಿನ ಅಷ್ಟು ಓಡಿಸಿದರೆ 150 ನಿಮಿಷ ತುಂಬುತ್ತದೆ.