ಕೊರ್ಲಿಮ್‌ನ ಕಾಲುವೆ ದಂಡೆಯಲ್ಲಿ ಪರಿಸರ ಸೇವಾದಿನ: ತಪ್ಪು ಕಲ್ಪನೆ ಮತ್ತು ಸತ್ಯ

ಪರಿಸರ ಸೇವಾದಿನವೆಂದರೆ ಊರವರೆಲ್ಲ ಒಂದು ಬೆಳಗ್ಗೆ ಸೇರಿ ಕಸ ಹೆಕ್ಕಿ, ಸಸಿ ನೆಟ್ಟು, ಮಧ್ಯಾಹ್ನದೊಳಗೆ ಜಾಗವನ್ನು ಶುಚಿಗೊಳಿಸಿ ಮನೆಗೆ ಮರಳುವ ಕಾರ್ಯಕ್ರಮವೆಂದೂ, ಅದಕ್ಕೆ ಒಳ್ಳೆಯ ಮನಸ್ಸು ಮತ್ತು ಎರಡು ಕೈಗಳಲ್ಲದೆ ಬೇರೇನೂ ಬೇಡವೆಂದೂ ಬಹುಜನರು ನಂಬಿದ್ದಾರೆ. ಗೋವಾದ ತಿಸ್ವಾಡಿ ತಾಲ್ಲೂಕಿನ ಕೊರ್ಲಿಮ್‌ನಂತಹ ಊರಿನಲ್ಲಿ ಈ ನಂಬಿಕೆ ಹೆಚ್ಚು ದೂರ ನಡೆಯಲಾರದು. ಪಣಜಿಯಿಂದ ಫೋಂಡಾದ ಮೂಲಕ ಬೆಳಗಾವಿಗೆ ಬರುವ ಹೆದ್ದಾರಿಯಲ್ಲಿ ಹಳೆ ಗೋವಾದ ನಂತರ ಸಿಗುವ ಈ ಗ್ರಾಮದಲ್ಲಿ ಕೈಗಾರಿಕಾ ವಸಾಹತೂ ಇದೆ, ಅದರ ಸಮೀಪದಲ್ಲೇ ಮಾಂಡವಿ ಮತ್ತು ಜುವಾರಿ ನದಿಗಳನ್ನು ಕೂಡಿಸುವ ಕುಂಬಾರ್ಜುವಾ ಕಾಲುವೆಯೂ ಇದೆ.

ದಂಡೆಯ ಕಸವೆಲ್ಲ ಆ ಊರಿನವರೇ ಎಸೆದದ್ದು ಎಂಬುದು ಮೊದಲ ತಪ್ಪು ಕಲ್ಪನೆ. ಕಾಲುವೆಯ ನೀರು ಉಬ್ಬರವಿಳಿತಕ್ಕೆ, ಅಂದರೆ ಸಮುದ್ರಮಟ್ಟದ ದಿನನಿತ್ಯದ ಏರಿಳಿತಕ್ಕೆ, ಒಳಪಟ್ಟಿರುವುದರಿಂದ ಎರಡೂ ನದಿಗಳು ಹೊತ್ತು ತಂದದ್ದು ಇಲ್ಲಿಗೆ ಬಂದು ಸೇರಬಲ್ಲದು. ಮಾಂಡವಿಯಾದರೋ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ನದಿಯೇ. ಆದ್ದರಿಂದ ಘಟ್ಟದ ಮೇಲಿನ ಕನ್ನಡಿಗರೂ ಈ ದಂಡೆಗೆ ಹೊರಗಿನವರಲ್ಲ.

ಎಷ್ಟು ಸಸಿ ನೆಟ್ಟರೆ ಅಷ್ಟು ಒಳಿತು ಎಂಬ ನಂಬಿಕೆ ಇನ್ನೂ ಆಳವಾದದ್ದು, ಮತ್ತು ಹೆಚ್ಚು ಹಾನಿ ಮಾಡಬಲ್ಲದ್ದು. ಗೋವಾದ ಅಳಿವೆಗಳ ಪಕ್ಕದಲ್ಲಿರುವ ಖಾಜಣ ಭೂಮಿ, ಉತ್ತರ ಕನ್ನಡದ ಅಘನಾಶಿನಿ ತೀರದಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿಯಂತೆಯೇ, ಉಪ್ಪುನೀರನ್ನು ಬದುವಿನಿಂದ ತಡೆದು ಮಾಡಿದ ಗದ್ದೆ; ಉಬ್ಬರ ಬಂದಾಗ ತಾನಾಗಿ ಮುಚ್ಚಿಕೊಂಡು ಇಳಿತದಲ್ಲಿ ತೆರೆದುಕೊಳ್ಳುವ ಮರದ ತೂಬನ್ನು ಅಲ್ಲಿ ‘ಮಾನಸ್’ ಎನ್ನುತ್ತಾರೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಬದುವಿನ ಹೊರಮೈಯಲ್ಲಿದ್ದರೆ ಅಲೆಯ ಹೊಡೆತವನ್ನು ತಗ್ಗಿಸಿ ಮಣ್ಣನ್ನು ಕಾಯುತ್ತವೆ, ಆದರೆ ಅವೇ ಗದ್ದೆಯೊಳಗೆ ಹಬ್ಬಿದರೆ ಬೇಸಾಯವನ್ನು ನುಂಗುತ್ತವೆ. ಹಕ್ಕಿಗಳು ಮೇಯುವ ಬಯಲು ಕೆಸರನ್ನು ಬಂಜರೆಂದು ಭಾವಿಸಿ ಅಲ್ಲಿ ಸಸಿ ನೆಡುವುದೂ ತಪ್ಪೇ. ಈ ಬದುಗಳನ್ನು ಶತಮಾನಗಳ ಕಾಲ ಉಳಿಸಿದ್ದು ಗಾಂವಕಾರಿ ಎಂಬ ಗ್ರಾಮಸಮುದಾಯದ ವ್ಯವಸ್ಥೆ. ಬಿರುಕು ಎಲ್ಲಿದೆಯೆಂದು ನೋಡಿ, ಮಣ್ಣು, ಜಂಬಿಟ್ಟಿಗೆ ಕಲ್ಲು, ಹುಲ್ಲುಗಳಿಂದ ಮತ್ತೆ ಮತ್ತೆ ದುರಸ್ತಿ ಮಾಡಿದ ಆ ಕೆಲಸವನ್ನೇ ನಿಜವಾದ ಪರಿಸರ ಸೇವೆಯೆನ್ನಬೇಕು.

ಕಸ ಹೆಕ್ಕುವುದರಿಂದ ಕೇಡೇನೂ ಇಲ್ಲವೆಂಬುದೂ ಪೂರ್ತಿ ನಿಜವಲ್ಲ. ಕಾಂಡ್ಲಾದ ಕೆಲವು ಜಾತಿಗಳಲ್ಲಿ ಕೆಸರಿನಿಂದ ಪೆನ್ಸಿಲ್ ಮೊನೆಯಂತೆ ಮೇಲೆದ್ದು ನಿಲ್ಲುವ ಬೇರುಗಳಿರುತ್ತವೆ. ಗಾಳಿಯಾಡದ ಕೆಸರಿನಲ್ಲಿ ಗಿಡ ಉಸಿರಾಡುವುದು ಇವುಗಳ ಮೂಲಕವೇ. ಅವನ್ನು ಸುತ್ತಿಕೊಂಡ ಪ್ಲಾಸ್ಟಿಕ್ ಚೀಲವನ್ನು ಬಿಡಿಸುವುದು ಉಪಕಾರವಾದರೆ, ಐವತ್ತು ಜನ ಒಟ್ಟಿಗೆ ನುಗ್ಗಿ ತುಳಿಯುವುದು ಅಪಕಾರ. ಇಳಿತದ ಹೊತ್ತಿನಲ್ಲಿ ಸಣ್ಣ ಗುಂಪುಗಳಾಗಿ ಅಂಚಿನಿಂದಲೇ ಕೆಲಸ ಮಾಡುವುದು ಸರಿಯಾದ ಕ್ರಮ. ಕುಂಬಾರ್ಜುವಾ ಕಾಲುವೆಯಲ್ಲಿ ಮೊಸಳೆಗಳಿವೆಯಾದ್ದರಿಂದ ತೇಲುವ ಬಾಟಲಿಯ ಆಸೆಗೆ ಯಾರೂ ನೀರಿಗಿಳಿಯಬಾರದು. ಮಳೆಗಾಲದ ನಿಂತ ನೀರಿನಿಂದ ಇಲಿಜ್ವರ ತಗಲಬಹುದು. ಆದ್ದರಿಂದ ಕೈಕಾಲುಗಳಲ್ಲಿ ಗಾಯವಿದ್ದವರು ಅಂದು ಬೇರೆ ಕೆಲಸ ವಹಿಸಿಕೊಳ್ಳುವುದೇ ಲೇಸು.

ಕೂಡಿಹಾಕಿದ ರಾಶಿಗೆ ಬೆಂಕಿಯಿಟ್ಟರೆ ಕೆಲಸ ಮುಗಿಯಿತೆಂಬ ಕಲ್ಪನೆಗೆ ಹೆಚ್ಚು ಮಾತು ಬೇಡ: ಅದು ಕಸವನ್ನು ವಿಷದ ಹೊಗೆಯಾಗಿಸುತ್ತದೆಯಷ್ಟೆ, ಮತ್ತು ಬಯಲಿನಲ್ಲಿ ಕಸ ಸುಡುವವರಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿಯೇ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಿದೆ.

ಎತ್ತಿದ ಚೀಲಗಳ ತೂಕವೇ ಸೇವೆಯ ಅಳತೆಯೆಂಬ ಭಾವನೆ ಉಳಿದಿದೆ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಆರಂಭವಾಗಿ, ಈಗ ಪ್ರತಿವರ್ಷ ಸೆಪ್ಟೆಂಬರಿನ ಮೂರನೆಯ ಶನಿವಾರ ಜಗತ್ತಿನಾದ್ಯಂತ ನಡೆಯುವ ಕರಾವಳಿ ಸ್ವಚ್ಛತಾ ದಿನದಲ್ಲಿ ಸ್ವಯಂಸೇವಕರು ಸಿಕ್ಕ ಪ್ರತಿಯೊಂದು ವಸ್ತುವನ್ನೂ ಎಣಿಸಿ ಬರೆದಿಡುತ್ತಾರೆ. ದೀರ್ಘಕಾಲ ಮೊದಲ ಸ್ಥಾನದಲ್ಲಿದ್ದ ಸಿಗರೇಟಿನ ತುಂಡುಗಳನ್ನು 2019ರ ಎಣಿಕೆಯಲ್ಲಿ ತಿಂಡಿ ಪೊಟ್ಟಣಗಳು ಮೀರಿಸಿದವೆಂಬುದು ತಿಳಿದದ್ದು ಈ ಬರಹದಿಂದಲೇ. ತೂಗಿದ ಕಸ ಮರೆತುಹೋಗುತ್ತದೆ. ಎಣಿಸಿದ ಕಸ ಪಂಚಾಯಿತಿಯ ಮುಂದೆ, ತಯಾರಕರ ಮುಂದೆ ಸಾಕ್ಷಿಯಾಗಿ ನಿಲ್ಲುತ್ತದೆ. ಆದ್ದರಿಂದ ಸೇವೆಗೆ ಹೆಸರು ಕೊಟ್ಟವರು ಆ ದಿನದ ಇಳಿತದ ಹೊತ್ತನ್ನು ಅಲ್ಲಿಯ ಮೀನುಗಾರರಲ್ಲಿ ಕೇಳಿಕೊಂಡು, ಕೈಗವಸು ಮತ್ತು ದಪ್ಪ ತಳದ ಪಾದರಕ್ಷೆಗಳ ಜೊತೆಗೆ ಒಂದು ನೋಟುಪುಸ್ತಕವನ್ನೂ ತಪ್ಪದೆ ಒಯ್ಯಲಿ.